ಫಿಲ್ಟರ್ ಕೊಳ್ಳುವ ಮೊದಲು ನ್ಯೂಟ್ರಲ್ ನೋಡಿ

ಪ್ರಶ್ನೆ: ಉಡುಪಿ-ಮಣಿಪಾಲದ ಕಡೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಉಪಕರಣಗಳ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ 500 ಕೆವಿಎ ಟ್ರಾನ್ಸ್‌ಫಾರ್ಮರ್ ಇದೆ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಏರಿಸಲು 200 ಕೆವಿಎಆರ್ ಕೆಪಾಸಿಟರ್ ಪ್ಯಾನೆಲ್ ಇದೆ. ಎಸಿ ಪ್ಲಾಂಟಿನ ಮೋಟರ್‌ಗಳಿಗೆ ವಿಎಫ್‌ಡಿ (ಮೋಟರಿನ ವೇಗ ಹೆಚ್ಚುಕಡಿಮೆ ಮಾಡುವ ಸಾಧನ) ಹಾಕಿಸಿದ ಮೇಲೆ ಕೆಪಾಸಿಟರ್‌ಗಳು ಉಬ್ಬಿ ಹಾಳಾಗುತ್ತಿವೆ. ಲ್ಯಾಬಿನ ಡಿಬಿಯಲ್ಲಿ (ಕರೆಂಟ್ ಹಂಚುವ ಪೆಟ್ಟಿಗೆ) ನ್ಯೂಟ್ರಲ್ ವೈರಿನ ತುದಿಯ ಲಗ್ ಬಿಸಿಯಾಗಿ ಕಪ್ಪಾಗಿದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಜಾಸ್ತಿ ಝೂಮ್ ಮಾಡಿದರೆ ಚಿತ್ರದ ಅಂಚು ಅಲೆ ಅಲೆಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್‌ಗಳು ಪದೇ ಪದೇ ಅಲಾರಂ ಹೊಡೆಯುತ್ತವೆ. ಇದೆಲ್ಲಕ್ಕೂ ಹಾರ್ಮೋನಿಕ್ಸೇ ಕಾರಣ, 300 ಆಂಪಿಯರ್‌ನ ಆಕ್ಟಿವ್ ಹಾರ್ಮೋನಿಕ್ ಫಿಲ್ಟರ್ ಹಾಕಿ ಎಂದು ಸಪ್ಲೈಯರ್ ಹೇಳುತ್ತಿದ್ದಾರೆ. ಹಾಕಿಸೋಣವೇ?

ಉತ್ತರ: ಈಗಲೇ ಆರ್ಡರ್ ಕೊಡಬೇಡಿ. ನೀವು ಬರೆದ ನಾಲ್ಕು ತೊಂದರೆಗಳ ಬೇರು ಒಂದೇ ಕಡೆ ಇಲ್ಲ. ಫ್ರೀಜರ್ ಅಲಾರಂಗೂ ಹಾರ್ಮೋನಿಕ್ಸ್‌ಗೂ ಸಂಬಂಧವೇ ಇಲ್ಲದಿರುವ ಸಾಧ್ಯತೆ ಜಾಸ್ತಿ. ಕೆಪಾಸಿಟರ್ ಉಬ್ಬುವುದಕ್ಕೆ ಫಿಲ್ಟರ್‌ಗಿಂತ ಎಷ್ಟೋ ಕಡಿಮೆ ಖರ್ಚಿನ ಮದ್ದಿದೆ. ಕಪ್ಪಾದ ನ್ಯೂಟ್ರಲ್ ಮತ್ತು ಅಲೆಯಾಡುವ ಚಿತ್ರ, ಇವೆರಡು ಮಾತ್ರ ಒಂದಕ್ಕೊಂದು ಸೇರಿಕೊಂಡಿವೆ ಎಂಬುದು ನನ್ನ ಗುಮಾನಿ. ಆದರೆ ಸಪ್ಲೈಯರ್ ಹೇಳುವ ರೀತಿಯಲ್ಲಿ ಅಲ್ಲ. ಮೇನ್ ಪ್ಯಾನೆಲ್‌ನಲ್ಲಿ ಫಿಲ್ಟರ್ ಕೂರಿಸಿದರೂ ಆ ಅಲೆ ಹಾಗೆಯೇ ಉಳಿಯಬಹುದು. ದುಡ್ಡು ಖರ್ಚಾದ ಮೇಲೆ ಅದು ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾದರೆ ಒಳ್ಳೆಯದಲ್ವಾ?

ಮೊದಲು ಹಾರ್ಮೋನಿಕ್ಸ್ ಬಗ್ಗೆ ಎರಡು ಮಾತು. ನಮಗೆ ಬರುವ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಹೀಟರ್, ಹಳೆಯ ಬಲ್ಬಿನಂಥವು ಆ ಏರಿಳಿತಕ್ಕೆ ತಕ್ಕಂತೆ ನಯವಾಗಿ ಕರೆಂಟ್ ಎಳೆಯುತ್ತವೆ. ಕಂಪ್ಯೂಟರ್, ಎಲ್‌ಇಡಿ, ಯುಪಿಎಸ್, ವಿಎಫ್‌ಡಿಗಳು ಹಾಗಲ್ಲ. ಅವುಗಳ ಒಳಗಿನ ರೆಕ್ಟಿಫೈಯರ್ (ಕರೆಂಟನ್ನು ಡಿಸಿಗೆ ತಿರುಗಿಸುವ ಭಾಗ) ವೋಲ್ಟೇಜಿನ ತುದಿಯಲ್ಲಿ ಮಾತ್ರ ಗಬಕ್ಕನೆ ಎಳೆದು ಸುಮ್ಮನಾಗುತ್ತದೆ. ಹೀಗೆ ಚೂರು ಚೂರಾಗಿ ಎಳೆದ ಕರೆಂಟನ್ನು ಬಿಡಿಸಿ ನೋಡಿದರೆ 50 ಹರ್ಟ್ಜ್ ಜೊತೆಗೆ 150, 250, 350 ಹರ್ಟ್ಜ್‌ಗಳೂ ಸಿಗುತ್ತವೆ. ಇವೇ 3, 5 ಮತ್ತು 7ನೇ ಹಾರ್ಮೋನಿಕ್. ಸಿಂಗಲ್ ಫೇಸ್ ಉಪಕರಣಗಳಲ್ಲಿ 3ನೆಯದರ ಕಾಟ ಜಾಸ್ತಿ. ತ್ರೀ ಫೇಸ್ ವಿಎಫ್‌ಡಿಗಳಲ್ಲಿ 5 ಮತ್ತು 7ನೆಯದು, ಆಮೇಲೆ 11 ಮತ್ತು 13. ಈ ವ್ಯತ್ಯಾಸ ನೆನಪಿರಲಿ, ಮುಂದೆ ಎಲ್ಲ ಕಡೆ ಬೇಕಾಗುತ್ತದೆ.

ಈಗ ನ್ಯೂಟ್ರಲ್ ವಿಷಯಕ್ಕೆ ಬರೋಣ. ಮೂರು ಫೇಸ್‌ಗಳ ನಡುವೆ 120 ಡಿಗ್ರಿ ಅಂತರ ಇರುವುದರಿಂದ, ಲೋಡ್ ಸಮವಾಗಿದ್ದರೆ 50 ಹರ್ಟ್ಜ್ ಕರೆಂಟ್ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಹೊಡೆದು ಸೊನ್ನೆಯಾಗುತ್ತದೆ. 3ನೇ ಹಾರ್ಮೋನಿಕ್‌ಗೆ ಆ ಅಂತರ 3 ಪಟ್ಟು, ಅಂದರೆ 360 ಡಿಗ್ರಿ. ಹಾಗಾಗಿ ಮೂರೂ ಫೇಸಿನ 3ನೇ ಹಾರ್ಮೋನಿಕ್ ಒಂದೇ ಹೊತ್ತಿಗೆ ಬಂದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ. ಒಂದೊಂದು ಫೇಸಿನಲ್ಲಿ 50 ಹರ್ಟ್ಜ್‌ನ 60 ಆಂಪಿಯರ್, 3ನೇ ಹಾರ್ಮೋನಿಕ್‌ನ 40 ಆಂಪಿಯರ್ ಇದೆ ಎಂದಿಟ್ಟುಕೊಳ್ಳಿ. ಫೇಸ್ ವೈರಿನಲ್ಲಿ ಒಟ್ಟು 72 ಆಂಪಿಯರ್. ನ್ಯೂಟ್ರಲ್‌ನಲ್ಲಿ 120! ಲೋಡ್ ಎಷ್ಟು ಚೆನ್ನಾಗಿ ಹಂಚಿದರೂ ಇದು ಇಳಿಯುವುದಿಲ್ಲ. ಹಳೆಯ ಕಟ್ಟಡಗಳಲ್ಲಿ ನ್ಯೂಟ್ರಲ್ ವೈರನ್ನು ಫೇಸಿನ ಅರ್ಧ ಗಾತ್ರದ್ದು ಹಾಕಿರುತ್ತಾರೆ. ನ್ಯೂಟ್ರಲ್‌ಗೆ ಎಂಸಿಬಿಯ ಕಾವಲೂ ಸಾಮಾನ್ಯವಾಗಿ ಇರುವುದಿಲ್ಲ. ಲಗ್ ಕಪ್ಪಾಗುವುದು ಹೀಗೆ. ಇದು ಬೆಂಕಿಯ ವಿಷಯ, ಮುಂದಿನ ಬಜೆಟ್‌ಗೆ ಎಂದು ಬಿಡಬೇಡಿ. ಲಗ್ ಬದಲಿಸಿ. ಟ್ರೂ ಆರ್‌ಎಂಎಸ್ ಎಂದು ಬರೆದಿರುವ ಕ್ಲಾಂಪ್ ಮೀಟರಿನಲ್ಲಿ ನ್ಯೂಟ್ರಲ್ ಕರೆಂಟ್ ಅಳೆಸಿ. ಸಾದಾ ಕ್ಲಾಂಪ್ ಮೀಟರ್ ಇಂಥ ಕರೆಂಟನ್ನು ಎಷ್ಟೋ ಕಡಿಮೆ ತೋರಿಸುತ್ತದೆ, ಅದನ್ನು ನಂಬಬೇಡಿ. ಫೇಸಿಗಿಂತ ನ್ಯೂಟ್ರಲ್‌ನಲ್ಲಿ ಜಾಸ್ತಿ ಇದ್ದರೆ ಆ ಫೀಡರ್‌ಗೆ ಇಮ್ಮಡಿ ಗಾತ್ರದ ನ್ಯೂಟ್ರಲ್ ಎಳೆಸಿ.

ಇನ್ನು ಮೈಕ್ರೋಸ್ಕೋಪ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ದುಬಾರಿ ಉಪಕರಣ ಕೂರಿಸಲು ಬರುವ ಎಂಜಿನಿಯರ್ ಮೊದಲು ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಯುತ್ತಾರೆ. 1 ಅಥವಾ 2 ವೋಲ್ಟ್‌ಗಿಂತ ಜಾಸ್ತಿ ಇರಬಾರದು ಎನ್ನುತ್ತಾರೆ. ಆ ವೋಲ್ಟೇಜ್ ಬರುವುದು ನ್ಯೂಟ್ರಲ್ ಕರೆಂಟಿನಿಂದಲೇ. 16 ಚದರ ಮಿ.ಮೀ. ತಾಮ್ರದ ನ್ಯೂಟ್ರಲ್ 60 ಮೀಟರ್ ಉದ್ದಕ್ಕೆ ಸುಮಾರು 0.07 ಓಮ್ ರೆಸಿಸ್ಟೆನ್ಸ್ ಕೊಡುತ್ತದೆ. ಅದರಲ್ಲಿ 40 ಆಂಪಿಯರ್ ಹರಿದರೆ 2.8 ವೋಲ್ಟ್ ಆಯಿತು. ಎಂಜಿನಿಯರ್ ಒಪ್ಪುವುದಿಲ್ಲ. ಕೆಲಸ ನಿಂತಿರುತ್ತದೆ, ಮೇಲಿನವರಿಂದ ಒತ್ತಡ ಇರುತ್ತದೆ. ಆಗ ಯಾರೋ ಒಬ್ಬರು ಡಿಬಿಯೊಳಗೆ ನ್ಯೂಟ್ರಲ್ ಬಾರಿನಿಂದ ಅರ್ಥ್ ಬಾರಿಗೆ ಒಂದು ತುಂಡು ವೈರ್ ಹಾಕಿಬಿಡುತ್ತಾರೆ. ಮೀಟರ್ ಸೊನ್ನೆ ತೋರಿಸುತ್ತದೆ. ಎಲ್ಲರಿಗೂ ಸಮಾಧಾನ.

ಆದರೆ ಆ ಕ್ಷಣದಿಂದ ನ್ಯೂಟ್ರಲ್ ಕರೆಂಟಿಗೆ ಎರಡು ದಾರಿಯಾಯಿತು. ಗದ್ದೆಯ ಕಟ್ಟಪುಣಿಯಲ್ಲಿ (ಬದುವಿನಲ್ಲಿ) ಏಡಿ ತೂತು ಕೊರೆದರೆ ನೀರು ತೋಡನ್ನು ಬಿಟ್ಟು ಅಲ್ಲಿಂದಲೂ ಹರಿಯುವುದಿಲ್ಲವೇ, ಹಾಗೆ. ಒಂದು ಪಾಲು ಕರೆಂಟ್ ನ್ಯೂಟ್ರಲ್ ವೈರಿನಲ್ಲಿ ಹಿಂದಿರುಗುತ್ತದೆ, ಉಳಿದದ್ದು ಅರ್ಥ್ ಪಟ್ಟಿ, ಕೇಬಲ್ ಟ್ರೇ, ನೀರಿನ ಪೈಪು, ಸ್ಲ್ಯಾಬಿನ ಕಬ್ಬಿಣ, ಹೀಗೆ ಸಿಕ್ಕ ಸಿಕ್ಕ ಕಡೆ ಸುತ್ತಾಡುತ್ತದೆ. ಹೋಗುವ ಕರೆಂಟೂ ಬರುವ ಕರೆಂಟೂ ಒಂದೇ ಕೇಬಲ್‌ನಲ್ಲಿದ್ದರೆ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತದೆ. ದಾರಿ ಬೇರೆಯಾದರೆ ಅಳಿಸುವುದಿಲ್ಲ. ಹೀಗೆ ದಾರಿ ತಪ್ಪಿದ 1 ಆಂಪಿಯರ್ ಕರೆಂಟ್ 1 ಮೀಟರ್ ದೂರದಲ್ಲಿ 0.2 ಮೈಕ್ರೋಟೆಸ್ಲಾ, ಅಂದರೆ 2 ಮಿಲಿಗಾಸ್ ಕ್ಷೇತ್ರ ಹುಟ್ಟಿಸುತ್ತದೆ. 5 ಆಂಪಿಯರ್ ದಾರಿ ತಪ್ಪಿದರೆ 3 ಮೀಟರ್ ದೂರದಲ್ಲೂ 3 ಮಿಲಿಗಾಸ್‌ಗಿಂತ ಜಾಸ್ತಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕೆಲವೇ ಮಿಲಿಗಾಸ್ ಎಂದರೂ ಕಷ್ಟ, ಸೂಕ್ಷ್ಮ ಯಂತ್ರಗಳಿಗೆ ಒಂದೇ ಜಾಸ್ತಿಯಾಗಬಹುದು. ಎಲೆಕ್ಟ್ರಾನ್ ಕಿರಣ ಆ ಕ್ಷೇತ್ರಕ್ಕೆ ತಕ್ಕಂತೆ ಅತ್ತಿತ್ತ ಓಲಾಡುತ್ತದೆ. ಚಿತ್ರದಲ್ಲಿ ನಿಮಗೆ ಕಾಣುವ ಅಲೆ ಇದೇ ಇರಬೇಕು.

ಸುಮ್ನೆ ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಇದಕ್ಕೆ ಖರ್ಚಿಲ್ಲ. ಹೆಚ್ಚಿನ ಎಸ್‌ಇಎಂಗಳಲ್ಲಿ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಲೈನ್ ಸಿಂಕ್ ಎಂಬ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿದರೆ ಚಿತ್ರದ ಪ್ರತಿ ಗೆರೆಯೂ ಕರೆಂಟಿನ ಏರಿಳಿತದ ಒಂದೇ ಹಂತದಲ್ಲಿ ಶುರುವಾಗುತ್ತದೆ. ಅಲೆ ಹೋಗಿ ಅಂಚು ನೇರವಾದರೆ ಕಾರಣ ಕರೆಂಟಿನದ್ದು ಎಂದು ಖಚಿತ. ಹೋಗದಿದ್ದರೆ ವ್ಯಾಕ್ಯೂಮ್ ಪಂಪಿನ ನಡುಕವೋ ಎಸಿ ಗಾಳಿಯೋ ನೋಡಬೇಕು. ಇನ್ನೊಂದು ಪರೀಕ್ಷೆಯೂ ಇದೆ. ಕಿರಣದ ವೋಲ್ಟೇಜನ್ನು 20 ಕಿಲೋವೋಲ್ಟ್‌ನಿಂದ 5ಕ್ಕೆ ಇಳಿಸಿ ನೋಡಿ. ನಿಧಾನವಾದ ಎಲೆಕ್ಟ್ರಾನ್‌ಗಳನ್ನು ಕಾಂತಕ್ಷೇತ್ರ ಜಾಸ್ತಿ ಬಾಗಿಸುತ್ತದೆ. ಹಾಗಾಗಿ ಅಲೆ ದೊಡ್ಡದಾದರೆ ಕ್ಷೇತ್ರದ ತಪ್ಪು. ಅಷ್ಟೇ ಇದ್ದರೆ ನಡುಕದ ತಪ್ಪು.

ಕಾಂತಕ್ಷೇತ್ರವೇ ಎಂದಾದರೆ ಮುಂದಿನ ಹೆಜ್ಜೆ ಕ್ಲಾಂಪ್ ಮೀಟರಿನದ್ದು. ಮಿಲಿಆಂಪಿಯರ್ ಅಳೆಯಬಲ್ಲ, ದೊಡ್ಡ ಬಾಯಿಯ ಕ್ಲಾಂಪ್ ತೆಗೆದುಕೊಳ್ಳಿ. ಲ್ಯಾಬಿಗೆ ಹೋಗುವ ಫೀಡರಿನ ಮೂರು ಫೇಸ್ ಮತ್ತು ನ್ಯೂಟ್ರಲ್, ನಾಲ್ಕನ್ನೂ ಒಟ್ಟಿಗೆ ಕ್ಲಾಂಪಿನೊಳಗೆ ಹಿಡಿಯಿರಿ. ಅರ್ಥ್ ವೈರ್ ಹೊರಗಿರಲಿ. ಹೋದ ಕರೆಂಟೆಲ್ಲ ನ್ಯೂಟ್ರಲ್‌ನಲ್ಲೇ ಮರಳುತ್ತಿದ್ದರೆ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಉಪಕರಣಗಳ ಒಳಗಿನ ಸಣ್ಣ ಫಿಲ್ಟರ್‌ಗಳಿಂದ ಒಂದಿಷ್ಟು ಮಿಲಿಆಂಪಿಯರ್ ಸೋರುವುದು ಸಹಜ. ಆಂಪಿಯರ್ ಲೆಕ್ಕದಲ್ಲಿ ತೋರಿಸಿದರೆ ಎಲ್ಲೋ ನ್ಯೂಟ್ರಲ್ ಮತ್ತು ಅರ್ಥ್ ಕೂಡಿಕೊಂಡಿವೆ. ಅಲ್ಲಿಂದ ಒಂದೊಂದೇ ಡಿಬಿ ದಾಟುತ್ತ ಕೆಳಗೆ ಹೋಗಿ. ಯಾವ ಕವಲಿನಲ್ಲಿ ಆಂಪಿಯರ್ ಸಿಗುತ್ತದೋ ಅದರ ಬೆನ್ನು ಹಿಡಿಯಿರಿ. ಸಾಮಾನ್ಯವಾಗಿ ಇದು ಸಿಗುವುದು ಯುಪಿಎಸ್‌ನ ಬೈಪಾಸ್ ಪ್ಯಾನೆಲ್‌ನಲ್ಲಿ, ಸ್ಟೆಬಿಲೈಜರ್ ಹಿಂದೆ, ಅಥವಾ ಒಂದು ಸಾಕೆಟ್ ಬಾಕ್ಸಿನೊಳಗೆ. ಕೊನೆಯ ಖಾತ್ರಿಗೆ ಭಾನುವಾರ ಪೂರ್ತಿ ಶಟ್‌ಡೌನ್ ತೆಗೆದುಕೊಳ್ಳಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆ ಡಿಬಿಯ ನ್ಯೂಟ್ರಲ್ ಬಿಚ್ಚಿಸಿ, ಉಪಕರಣಗಳ ಪ್ಲಗ್ ತೆಗೆದು, ನ್ಯೂಟ್ರಲ್-ಅರ್ಥ್ ನಡುವೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಸಿ. ಮೆಗಾ ಓಮ್‌ಗಳು ಬರಬೇಕು. ಸೊನ್ನೆ ಬಂದರೆ ಕಳ್ಳ ಸಿಕ್ಕ.

ಆ ತುಂಡು ವೈರ್ ಕಿತ್ತ ಮೇಲೆ 2.8 ವೋಲ್ಟ್ ಮತ್ತೆ ಬರುತ್ತದಲ್ಲ, ಅದಕ್ಕೇನು ಮಾಡುವುದು? ಸರಿಯಾದ ದಾರಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಅದರ ಸೆಕೆಂಡರಿ (ಹೊರಗೆ ಕರೆಂಟ್ ಕೊಡುವ ಸುತ್ತು) ಹೊಸದೊಂದು ಮೂಲ ಇದ್ದ ಹಾಗೆ. ಅಲ್ಲಿ ನ್ಯೂಟ್ರಲ್ಲನ್ನು ಅರ್ಥ್‌ಗೆ ಒಂದೇ ಜಾಗದಲ್ಲಿ ಕಟ್ಟುವುದು ನಿಯಮಕ್ಕೆ ಸರಿ, ಕಟ್ಟಲೇಬೇಕು ಕೂಡ. ನ್ಯೂಟ್ರಲ್-ಅರ್ಥ್ ವೋಲ್ಟೇಜ್ ಸೊನ್ನೆಗೆ ಹತ್ತಿರ ಬರುತ್ತದೆ, ದಾರಿ ತಪ್ಪುವ ಕರೆಂಟೂ ಇಲ್ಲ. ಮೈಕ್ರೋಸ್ಕೋಪ್ ಒಂದಕ್ಕೇ ಆದರೆ ಸಣ್ಣ ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರ್ ಸಾಕು. ಇಡೀ ಲ್ಯಾಬಿಗೆ ಆದರೆ ಡೆಲ್ಟಾ-ಸ್ಟಾರ್, ಶೀಲ್ಡ್ ಇರುವಂಥದ್ದು, ಕೆ-13 ರೇಟಿಂಗ್‌ನದ್ದು ಕೇಳಿ. ಕೆ ರೇಟಿಂಗ್ ಅಂದರೆ ಹಾರ್ಮೋನಿಕ್ಸ್‌ನ ಬಿಸಿ ತಡೆಯುವಂತೆ ಮಾಡಿದ್ದು ಎಂದರ್ಥ. 3ನೇ ಹಾರ್ಮೋನಿಕ್ ಡೆಲ್ಟಾ ಸುತ್ತಿನಲ್ಲೇ ತಿರುಗುತ್ತಿರುತ್ತದೆ, ಅಲ್ಲಿಂದ ಹಿಂದಿನ ನ್ಯೂಟ್ರಲ್‌ಗೆ ಹೋಗುವುದಿಲ್ಲ. ಒಂದು ಎಚ್ಚರಿಕೆ. ಟ್ರಾನ್ಸ್‌ಫಾರ್ಮರಿಗೂ ತನ್ನದೇ ಕಾಂತಕ್ಷೇತ್ರ ಇರುತ್ತದೆ. ಎಸ್‌ಇಎಂ ಕೋಣೆಯ ಗೋಡೆಗೆ ಒತ್ತಿಕೊಂಡು ಅದನ್ನು ಇಡಬೇಡಿ. ಯುಪಿಎಸ್ ಕೂಡ ಅಷ್ಟೇ, ಕೆಲವು ಮೀಟರ್ ದೂರವೇ ಇರಲಿ.

ಈಗ ನಿಮ್ಮ ಸಪ್ಲೈಯರ್‌ಗೆ ಕೇಳಿ: ಮೇನ್ ಪ್ಯಾನೆಲ್‌ನ ಫಿಲ್ಟರ್ ಲ್ಯಾಬಿನ ಡಿಬಿಯಲ್ಲಿರುವ ನ್ಯೂಟ್ರಲ್ ಕರೆಂಟನ್ನು ಹೇಗೆ ಇಳಿಸುತ್ತದೆ? ಇಳಿಸುವುದಿಲ್ಲ. ಫಿಲ್ಟರ್ ತಾನು ಕೂತ ಜಾಗದಿಂದ ಟ್ರಾನ್ಸ್‌ಫಾರ್ಮರ್ ಕಡೆಯ ಕರೆಂಟನ್ನು ಮಾತ್ರ ಚೊಕ್ಕ ಮಾಡುತ್ತದೆ. ಅಲ್ಲಿಂದ ಲ್ಯಾಬಿನವರೆಗಿನ ಕೇಬಲ್‌ನಲ್ಲಿ ಹಾರ್ಮೋನಿಕ್ಸ್ ಮೊದಲಿನಂತೆಯೇ ಓಡಾಡುತ್ತದೆ.

ನಮ್ಮೂರಿನ ಲ್ಯಾಬುಗಳಲ್ಲಿ ಕೇಳಿಬರುವ ಇನ್ನೊಂದು ಸಲಹೆ, ಉಪಕರಣಕ್ಕೆ ಪ್ರತ್ಯೇಕ ಅರ್ಥ್ ಪಿಟ್ ತೋಡಿಸಿ ಎಂಬುದು. ಪಿಟ್ ತೋಡಿಸುವುದು ತಪ್ಪಲ್ಲ. ಅದನ್ನು ಕಟ್ಟಡದ ಅರ್ಥ್ ಜೊತೆ ಸೇರಿಸದೆ ಬಿಡುವುದು ಜೀವಕ್ಕೆ ಅಪಾಯ. ಲೆಕ್ಕ ನೋಡಿ. ಪ್ರತ್ಯೇಕ ಪಿಟ್ 5 ಓಮ್, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ನ ಪಿಟ್ 2 ಓಮ್ ಇರಲಿ. ಉಪಕರಣದ ಬಾಡಿಗೆ ಫೇಸ್ ತಗುಲಿದರೆ ಹರಿಯುವ ಕರೆಂಟ್ 230 ಭಾಗಿಸು 7, ಅಂದರೆ 33 ಆಂಪಿಯರ್. 32 ಆಂಪಿಯರ್‌ನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ. ಅಷ್ಟು ಹೊತ್ತೂ ಉಪಕರಣದ ಬಾಡಿ 160 ವೋಲ್ಟ್‌ಗಿಂತ ಮೇಲೆ ಕೂತಿರುತ್ತದೆ. ಪಕ್ಕದ ನಲ್ಲಿಯನ್ನು ಇನ್ನೊಂದು ಕೈಯಲ್ಲಿ ಮುಟ್ಟಿದವರ ಗತಿ? ಸಿಡಿಲು ಬಡಿದಾಗಲೂ ಎರಡು ಪಿಟ್‌ಗಳ ನಡುವೆ ಸಾವಿರಾರು ವೋಲ್ಟ್ ಅಂತರ ಬಂದು, ಅದು ಡೇಟಾ ಕೇಬಲ್ ಮೂಲಕ ಉಪಕರಣದೊಳಗೇ ಹಾಯುತ್ತದೆ. ಎಷ್ಟು ಪಿಟ್ ಬೇಕಾದರೂ ತೋಡಿ, ಎಲ್ಲವನ್ನೂ ಒಂದಕ್ಕೊಂದು ಕಟ್ಟಿ. ಇದರಲ್ಲಿ ಯಾರ ಮುಲಾಜೂ ಬೇಡ.

ಪಿಟ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಮಣಿಪಾಲ, ಮಂಗಳೂರು ಬಳಿಯ ಕೊಣಾಜೆ ಎರಡೂ ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡದ ಮೇಲೆ ಇವೆ. ಮೇಲಿನ ಮುರಕಲ್ಲು ಬೇಸಿಗೆಯಲ್ಲಿ ಒಣಗಿದರೆ ಕರೆಂಟನ್ನು ಒಳಗೆ ಬಿಡುವುದೇ ಇಲ್ಲ. ಅದರ ಕೆಳಗೆ ಜೇಡಿಯಂಥ ಶೇಡಿ ಮಣ್ಣು ಇರುತ್ತದೆ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಬೋರ್ ಕೊರೆದು ಎಲೆಕ್ಟ್ರೋಡನ್ನು ಅಲ್ಲಿಯವರೆಗೆ ಇಳಿಸಿದರೆ ಮೇಲೆ ಹತ್ತು ಪಿಟ್ ತೋಡುವುದಕ್ಕಿಂತ ಉತ್ತಮ. ಅರ್ಥ್ ರೆಸಿಸ್ಟೆನ್ಸನ್ನು ಜುಲೈಯಲ್ಲಿ ಅಳೆದು ಖುಷಿಪಡಬೇಡಿ. ಏಪ್ರಿಲ್ ಕೊನೆಗೆ ಅಳೆಸಿ, ಅದೇ ನಿಜವಾದ ಅಂಕಿ. ಆದರೆ ಅರ್ಥಿಂಗ್ ಎಷ್ಟೇ ಚೆನ್ನಾದರೂ ಹಾರ್ಮೋನಿಕ್ಸ್ ಒಂದು ಚೂರೂ ಇಳಿಯುವುದಿಲ್ಲ. ಅದು ಬೇರೆ, ಇದು ಬೇರೆ.

ಕೆಪಾಸಿಟರ್‌ಗಳ ಕಥೆ ನೇರವಾಗಿದೆ. ಟ್ರಾನ್ಸ್‌ಫಾರ್ಮರಿನ ಇಂಡಕ್ಟೆನ್ಸ್ ಮತ್ತು ಕೆಪಾಸಿಟರ್ ಸೇರಿ ಒಂದು ಫ್ರೀಕ್ವೆನ್ಸಿಯಲ್ಲಿ ಅನುರಣನ (ರೆಸೊನೆನ್ಸ್) ಹುಟ್ಟಿಸುತ್ತವೆ. ನಿಮ್ಮ 500 ಕೆವಿಎ ಟ್ರಾನ್ಸ್‌ಫಾರ್ಮರಿನ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 5% ಎಂದಿಟ್ಟುಕೊಂಡರೆ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 10,000 ಕೆವಿಎ. ಅದನ್ನು 200ರಿಂದ ಭಾಗಿಸಿದರೆ 50. ವರ್ಗಮೂಲ 7.07. ಅಂದರೆ ಕೆಪಾಸಿಟರ್‌ನ ಎಲ್ಲ ಸ್ಟೆಪ್‌ಗಳೂ (ಬೇರೆ ಬೇರೆಯಾಗಿ ಆನ್ ಆಗುವ ಗುಂಪುಗಳು) ಆನ್ ಆದಾಗ ನಿಮ್ಮ ಪ್ಯಾನೆಲ್ 7ನೇ ಹಾರ್ಮೋನಿಕ್‌ಗೆ ಸರಿಯಾಗಿ ಶ್ರುತಿಗೂಡಿ ನಿಲ್ಲುತ್ತದೆ. ವಿಎಫ್‌ಡಿ ಹೊರಹಾಕುವುದೂ 7ನೆಯದೇ ಅಲ್ವಾ? ಸ್ವಲ್ಪವೇ ಬಂದರೂ ಕೆಪಾಸಿಟರ್ ಮತ್ತು ಟ್ರಾನ್ಸ್‌ಫಾರ್ಮರ್ ನಡುವೆ ಅದು ಹಲವು ಪಟ್ಟು ಹೆಚ್ಚುತ್ತದೆ. ಕೆಪಾಸಿಟರ್ ಉಬ್ಬದೆ ಇನ್ನೇನಾಗಬೇಕು? ಟ್ರಾನ್ಸ್‌ಫಾರ್ಮರಿನ ನಾಮಫಲಕದಲ್ಲಿ ಇಂಪಿಡೆನ್ಸ್ ಬರೆದಿರುತ್ತದೆ, ನಿಮ್ಮ ನಿಜವಾದ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ವಿಎಫ್‌ಡಿಗಳು ಓಡುತ್ತಿರುವಾಗ ಅರ್ಧ ಗಂಟೆ ಕೆಪಾಸಿಟರ್ ಪ್ಯಾನೆಲ್ ಆಫ್ ಮಾಡಿ ವೋಲ್ಟೇಜಿನ ಟಿಎಚ್‌ಡಿ (50 ಹರ್ಟ್ಜ್‌ಗೆ ಹೋಲಿಸಿದರೆ ಹಾರ್ಮೋನಿಕ್ಸ್ ಒಟ್ಟು ಎಷ್ಟು ಶೇಕಡಾ ಎಂಬ ಅಂಕಿ) ನೋಡಿ. ಗಣನೀಯವಾಗಿ ಇಳಿದರೆ ಅನುರಣನ ಖಚಿತವಾಯಿತು.

ಮದ್ದು ಡಿಟ್ಯೂನ್ಡ್ ರಿಯಾಕ್ಟರ್, ಅಂದರೆ ಶ್ರುತಿ ತಪ್ಪಿಸುವ ತಂತಿ ಸುರುಳಿ. ಪ್ರತಿ ಸ್ಟೆಪ್‌ಗೂ 7% ರಿಯಾಕ್ಟರ್ ಸರಣಿಯಲ್ಲಿ ಹಾಕಿದರೆ ಶ್ರುತಿ 189 ಹರ್ಟ್ಜ್‌ಗೆ ಇಳಿಯುತ್ತದೆ. 5ನೆಯದು ಇರುವುದು 250ರಲ್ಲಿ, ಹಾಗಾಗಿ 5 ಮತ್ತು ಅದಕ್ಕಿಂತ ಮೇಲಿನವಕ್ಕೆ ಅನುರಣನ ಸಿಗುವುದಿಲ್ಲ. ನಿಮ್ಮ ಮೇನ್ ಬಸ್‌ಬಾರಿನಲ್ಲಿ 3ನೆಯದೇ ಜೋರಾಗಿದ್ದರೆ 14% ರಿಯಾಕ್ಟರ್ ಬೇಕಾಗುತ್ತದೆ, ಅದರ ಶ್ರುತಿ 134 ಹರ್ಟ್ಜ್. ಹಳೆಯ ಕೆಪಾಸಿಟರ್‌ಗಳಿಗೇ ರಿಯಾಕ್ಟರ್ ಜೋಡಿಸಿ ಉಳಿತಾಯ ಮಾಡಲು ಹೋಗಬೇಡಿ. 7% ರಿಯಾಕ್ಟರ್ ಬಂದ ಮೇಲೆ 415 ವೋಲ್ಟ್ ಲೈನಿನಲ್ಲೂ ಕೆಪಾಸಿಟರ್ ಮೇಲೆ 446 ವೋಲ್ಟ್ ಬೀಳುತ್ತದೆ. 480 ಅಥವಾ 525 ವೋಲ್ಟ್ ರೇಟಿಂಗ್‌ನವು ಬೇಕು. ರಿಯಾಕ್ಟರ್ ಇರುವ ಸ್ಟೆಪ್ ಮತ್ತು ಇಲ್ಲದ ಸ್ಟೆಪ್ ಒಂದೇ ಪ್ಯಾನೆಲ್‌ನಲ್ಲಿ ಬೆರೆಸುವುದೂ ಬೇಡ. ಪವರ್ ಫ್ಯಾಕ್ಟರ್ ಬಗ್ಗೆಯೂ ಒಂದು ಮಾತು. ಕರೆಂಟಿನ ಟಿಎಚ್‌ಡಿ 40% ಇದ್ದರೆ, ಕೆಪಾಸಿಟರ್ ಎಷ್ಟೇ ಹಾಕಿದರೂ ನಿಜವಾದ ಪವರ್ ಫ್ಯಾಕ್ಟರ್ 0.93 ದಾಟುವುದಿಲ್ಲ. ಅದು ಏರಲಿಲ್ಲ ಎಂದು ಇನ್ನಷ್ಟು ಕೆಪಾಸಿಟರ್ ಸೇರಿಸಿದರೆ ತೊಂದರೆ ಹೆಚ್ಚುತ್ತದೆ.

ವಿಎಫ್‌ಡಿಗಳ ಕಡೆ ಮಾಡಬೇಕಾದ ಕೆಲಸ ಇನ್ನೂ ಸುಲಭ. ಅವುಗಳಲ್ಲಿ ಚೋಕ್ (ಗಬಕ್ಕನೆ ಎಳೆಯುವುದನ್ನು ತಗ್ಗಿಸುವ ತಂತಿ ಸುರುಳಿ) ಇದೆಯೇ ನೋಡಿ. ಚೋಕ್ ಇಲ್ಲದ ಸಾದಾ ಆರು ಪಲ್ಸಿನ ವಿಎಫ್‌ಡಿಯ ಕರೆಂಟಿನಲ್ಲಿ 80% ಆಸುಪಾಸು ಟಿಎಚ್‌ಡಿ ಇರುವುದು ಮಾಮೂಲಿ. 3ರಿಂದ 5% ಲೈನ್ ಚೋಕ್ ಹಾಕಿದರೆ 35ರಿಂದ 40ಕ್ಕೆ ಬರುತ್ತದೆ. ನಿಮ್ಮ ಎಸಿ ಪ್ಲಾಂಟಿನ ವಿಎಫ್‌ಡಿಗಳೆಲ್ಲ ಸೇರಿ 180 ಆಂಪಿಯರ್ ಮೂಲ (50 ಹರ್ಟ್ಜ್) ಕರೆಂಟ್ ಎಳೆಯುತ್ತವೆ ಎಂದುಕೊಂಡರೆ, ಹಾರ್ಮೋನಿಕ್ ಕರೆಂಟ್ 144 ಆಂಪಿಯರ್ ಇದ್ದದ್ದು 70ರ ಹತ್ತಿರ ಇಳಿಯಿತು. 300 ಆಂಪಿಯರ್‌ನ ಫಿಲ್ಟರ್ ಯಾಕೆ ಬೇಕು ಹಾಗಾದರೆ? ಚೋಕ್ ಹಾಕಿದ ಮೇಲೂ ಬೇಕೆನಿಸಿದರೆ ನೂರರೊಳಗೆ ಮುಗಿಯಬಹುದು. ಅದನ್ನೂ ಲ್ಯಾಬಿನ ಹತ್ತಿರ ಇಡಬೇಡಿ, ಎಸಿ ಪ್ಲಾಂಟಿನ ಪ್ಯಾನೆಲ್ ಪಕ್ಕದಲ್ಲೇ ಇಡಿ. ಆಕ್ಟಿವ್ ಫಿಲ್ಟರ್ ಕೂಡ ಸಾವಿರಾರು ಹರ್ಟ್ಜ್‌ನಲ್ಲಿ ಸ್ವಿಚ್ ಆಗುವ ಯಂತ್ರ, ಅದರದ್ದೇ ಆದ ಸದ್ದು (ಕಿವಿಗೆ ಕೇಳುವುದಲ್ಲ, ವಿದ್ಯುತ್ ನಾಯ್ಸ್) ಲೈನಿಗೆ ಬರುತ್ತದೆ. ಈ ಸದ್ದು ಟಿಎಚ್‌ಡಿ ಅಂಕಿಯಲ್ಲಿ ಕಾಣುವುದಿಲ್ಲ. ಟಿಎಚ್‌ಡಿ ಎಣಿಸುವುದು 50ನೇ ಹಾರ್ಮೋನಿಕ್‌ವರೆಗೆ, ಅಂದರೆ 2,500 ಹರ್ಟ್ಜ್‌ವರೆಗೆ ಮಾತ್ರ. ನರಕೋಶಗಳ ಸಣ್ಣ ಸಿಗ್ನಲ್ ಅಳೆಯುವ ಲ್ಯಾಬುಗಳಿಗೆ ಇದು ನಿಜವಾದ ಕಿರಿಕಿರಿ. ವಿಎಫ್‌ಡಿಯಿಂದ ಮೋಟರಿಗೆ ಹೋಗುವ ಕೇಬಲ್ ಶೀಲ್ಡ್ ಇರುವುದೇ ಆಗಿರಲಿ. ಆ ಶೀಲ್ಡ್ ಎರಡೂ ತುದಿಯಲ್ಲಿ ಅರ್ಥ್ ಆಗಿರಲಿ. ಲ್ಯಾಬಿನ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಅದನ್ನು ಎಳೆಯಬಾರದು.

ಫ್ರೀಜರ್‌ಗಳ ವಿಷಯಕ್ಕೆ ಬಂದರೆ, ಮಳೆಗಾಲ ಎಂದು ನೀವೇ ಬರೆದಿದ್ದೀರಿ. ಹಾರ್ಮೋನಿಕ್ಸ್‌ಗೆ ಮಳೆಗಾಲ, ಬೇಸಿಗೆ ಎಂಬ ಭೇದ ಇಲ್ಲ. ಮಳೆಗಾಲದಲ್ಲಿ ಆಗುವುದು ವೋಲ್ಟೇಜ್ ಡಿಪ್. 11 ಕೆವಿ ಲೈನಿನ ಮೇಲೆ ತೆಂಗಿನ ಮಡಲೋ ಮರದ ಗೆಲ್ಲೋ ಬೀಳುತ್ತದೆ. ಕಡಲ ಬದಿಯಲ್ಲಿ ಬೇಸಿಗೆ ಇಡೀ ಇನ್ಸುಲೇಟರ್ ಮೇಲೆ ಕೂತ ಉಪ್ಪು ಮೊದಲ ತುಂತುರಿಗೆ ಒದ್ದೆಯಾಗಿ ಕಿಡಿ ಹಾರುತ್ತದೆ. ಬ್ರೇಕರ್ ಬಿದ್ದು ಲೈನ್ ಬೇರೆಯಾಗುವವರೆಗಿನ ಸೆಕೆಂಡಿನ ಹತ್ತನೇ ಒಂದೆರಡು ಭಾಗ, ಅದೇ ಸಬ್‌ಸ್ಟೇಷನ್ನಿನ ಬೇರೆ ಫೀಡರ್‌ಗಳಲ್ಲೂ ವೋಲ್ಟೇಜ್ ಕುಸಿಯುತ್ತದೆ. ನಿಮ್ಮಲ್ಲಿ ಕರೆಂಟ್ ಹೋಗಿಯೇ ಇರುವುದಿಲ್ಲ, ಲೈಟ್ ಒಮ್ಮೆ ಮಿಣುಕುತ್ತದೆ ಅಷ್ಟೇ. ಆದರೆ ವೋಲ್ಟೇಜ್ ಅರ್ಧದ ಆಸುಪಾಸಿಗೆ ಇಳಿದರೆ ಕಾಂಟ್ಯಾಕ್ಟರ್ (ಕಂಪ್ರೆಸರಿಗೆ ಕರೆಂಟ್ ಕೊಡುವ ಕಾಂತದ ಸ್ವಿಚ್) ಬಿಟ್ಟುಕೊಳ್ಳುತ್ತದೆ. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಓಡಲು ಹೋಗಿ ಓವರ್‌ಲೋಡ್ ಆಗುತ್ತದೆ. ಇದನ್ನು ಯಾವ ಹಾರ್ಮೋನಿಕ್ ಫಿಲ್ಟರೂ ತಡೆಯುವುದಿಲ್ಲ. ಫ್ರೀಜರಿನ ಕಂಟ್ರೋಲ್ ಬೋರ್ಡಿಗೂ ಕಾಂಟ್ಯಾಕ್ಟರ್ ಕಾಯಿಲ್‌ಗೂ ಸಣ್ಣದೊಂದು ಆನ್‌ಲೈನ್ ಯುಪಿಎಸ್ ಕೊಡಿ. ಮತ್ತೆ ಶುರುವಾಗುವ ಹೊತ್ತನ್ನು ಒಂದೊಂದು ಫ್ರೀಜರಿಗೆ ಒಂದೊಂದು ನಿಮಿಷ ಹಿಂದುಮುಂದಾಗಿ ಸೆಟ್ ಮಾಡಿ, ಎಲ್ಲವೂ ಒಟ್ಟಿಗೆ ಎದ್ದರೆ ಮತ್ತೊಂದು ಡಿಪ್ ನೀವೇ ಮಾಡಿಕೊಂಡ ಹಾಗೆ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಮೇನ್ ಪ್ಯಾನೆಲ್‌ನಲ್ಲೂ ಲ್ಯಾಬ್ ಡಿಬಿಯಲ್ಲೂ ಸರ್ಜ್ ಅರೆಸ್ಟರ್ ಇರಲಿ. ಅದರ ಎರಡೂ ಕಡೆಯ ವೈರ್ ಸೇರಿ ಅರ್ಧ ಮೀಟರ್ ದಾಟಬಾರದು. ಉದ್ದ ವೈರ್ ಹಾಕಿದರೆ ಅರೆಸ್ಟರ್ ಇದ್ದೂ ಇಲ್ಲದ ಹಾಗೆ.

ಕರೆಂಟ್ ಹೋಗಿ ಜನರೇಟರ್ ಓಡುವಾಗಲೂ ಒಮ್ಮೆ ಅಳೆಯಿರಿ, ಇದನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮದು 250 ಕೆವಿಎ ಜನರೇಟರ್, ಅದರ ಒಳಗಿನ ರಿಯಾಕ್ಟೆನ್ಸ್ 12% ಎಂದುಕೊಳ್ಳಿ. ನಿಮ್ಮ ಟ್ರಾನ್ಸ್‌ಫಾರ್ಮರಿಗೆ ಹೋಲಿಸಿದರೆ ಅದರ ಇಂಪಿಡೆನ್ಸ್ ಸುಮಾರು 5 ಪಟ್ಟು. ಅದೇ ಹಾರ್ಮೋನಿಕ್ ಕರೆಂಟು, ಆದರೆ ವೋಲ್ಟೇಜ್ 5 ಪಟ್ಟು ಕೆಡುತ್ತದೆ. ಮೆಸ್ಕಾಂ ಸಪ್ಲೈಯಲ್ಲಿ 2% ಇದ್ದ ಟಿಎಚ್‌ಡಿ ಜನರೇಟರ್ ಮೇಲೆ 10% ಆದರೆ ಆಶ್ಚರ್ಯ ಬೇಡ. ಜನರೇಟರ್ ಶುರುವಾದ ಕೂಡಲೇ ಕೆಪಾಸಿಟರ್ ಪ್ಯಾನೆಲ್ ತಾನಾಗಿ ಆಫ್ ಆಗುವಂತೆ ಇಂಟರ್‌ಲಾಕ್ ಮಾಡಿಸಿ.

ಅಳತೆಯ ಬಗ್ಗೆ. ಕ್ಲಾಸ್ ಎ (ಅತಿ ನಿಖರ ದರ್ಜೆಯ) ಪವರ್ ಅನಲೈಜರ್ ಒಂದನ್ನು ಬಾಡಿಗೆಗೆ ತಂದು, ಪೂರ್ತಿ ಒಂದು ವಾರ ಇಡಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಲೆಕ್ಟ್ರಿಕಲ್ ವಿಭಾಗ ಇದೆ, ಅಳತೆಗೆ ನೆರವು ಸಿಗುತ್ತದೆಯೇ ಎಂದು ವಿಚಾರಿಸಬಹುದು. ಎರಡು ಕಡೆ ಅಳೆಯಿರಿ: ಟ್ರಾನ್ಸ್‌ಫಾರ್ಮರಿನ 415 ವೋಲ್ಟ್ ಬದಿಯಲ್ಲಿ ಮತ್ತು ಲ್ಯಾಬಿನ ಡಿಬಿಯಲ್ಲಿ. ವರದಿ ಬಂದಾಗ ರಾತ್ರಿಯ ಕರೆಂಟ್ ಟಿಎಚ್‌ಡಿ 60% ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ರಾತ್ರಿ ಲೋಡೇ ಇಲ್ಲದಾಗ 20 ಆಂಪಿಯರಿಗೆ 60% ಎಂದರೆ ಬರೀ 12 ಆಂಪಿಯರ್. ಶೇಕಡಾ ಬಿಟ್ಟು ಆಂಪಿಯರ್ ಕೇಳಿ. ವೋಲ್ಟೇಜಿನ ಟಿಎಚ್‌ಡಿಗೆ ಐಇಇಇ 519 ಮಾನದಂಡ 1 ಕೆವಿ ಒಳಗೆ 8% ಮಿತಿ ಕೊಡುತ್ತದೆ, 11 ಕೆವಿಗೆ 5%. ಲ್ಯಾಬಿನ ಡಿಬಿಯಲ್ಲಿ 5ರ ಒಳಗೆ ಇರಬೇಕು ಎಂದು ನಾನು ಹೇಳುತ್ತೇನೆ, ನಾಜೂಕು ಉಪಕರಣಗಳಿಗೆ 8 ಜಾಸ್ತಿಯಾಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರವೇ ನ್ಯೂಟ್ರಲ್ ಲಗ್ ಬದಲಿಸಿ, ಉಬ್ಬಿದ ಕೆಪಾಸಿಟರ್‌ಗಳನ್ನು ಲೈನಿನಿಂದ ತೆಗೆಸುತ್ತಿದ್ದೆ. ಪವರ್ ಫ್ಯಾಕ್ಟರ್ ಇಳಿದು ಬಿಲ್ಲಿನಲ್ಲಿ ಸ್ವಲ್ಪ ದಂಡ ಬಿದ್ದರೂ ಚಿಂತೆಯಿಲ್ಲ, ಪ್ಯಾನೆಲ್ ಸುಟ್ಟರೆ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಮುಂದಿನ ಭಾನುವಾರ ಕ್ಲಾಂಪ್ ಹಿಡಿದು ನ್ಯೂಟ್ರಲ್-ಅರ್ಥ್ ಕೂಡಿದ ಜಾಗ ಹುಡುಕುವುದು. ಆಮೇಲೆ ಚೋಕ್ ಮತ್ತು ರಿಯಾಕ್ಟರ್. ಅದಾದ ಮೇಲೆ ಮತ್ತೊಂದು ವಾರದ ಅಳತೆ. ಆಗಲೂ ವೋಲ್ಟೇಜ್ ಟಿಎಚ್‌ಡಿ 5ರ ಮೇಲೆ ಉಳಿದಿದ್ದರೆ ಫಿಲ್ಟರ್ ಕೊಳ್ಳಿ, ಧಾರಾಳವಾಗಿ ಕೊಳ್ಳಿ. ಎಷ್ಟು ಆಂಪಿಯರಿನದ್ದು ಎಂಬುದನ್ನು ಆ ಅಳತೆಯಿಂದ ತೆಗೆಯಿರಿ, ಸಪ್ಲೈಯರಿನ ಕ್ಯಾಟಲಾಗಿನಿಂದ ಬೇಡ. ಟೆಂಡರಿನಲ್ಲಿ ಎರಡು ಷರತ್ತು ಬರೆಯಿರಿ. ಕೂರಿಸಿದ ಮೇಲೆ ಲ್ಯಾಬಿನ ಡಿಬಿಯಲ್ಲಿ, ಮೆಸ್ಕಾಂ ಸಪ್ಲೈ ಮೇಲೂ ಜನರೇಟರ್ ಮೇಲೂ, ವೋಲ್ಟೇಜ್ ಟಿಎಚ್‌ಡಿ ಅಳೆದು ತೋರಿಸಬೇಕು. ಮತ್ತು ಆ ಅಳತೆ ಮಾಡುವವರು ಫಿಲ್ಟರ್ ಮಾರಿದವರು ಆಗಿರಬಾರದು.